ಹಿಂಡಿನ ಹಿಂದೆ ನಡೆಯುವ ಮನೆ

ಹುಮನಾಬಾದಿನಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಗೆ ಹೊದಿಸುವ ದಪ್ಪ ಬಟ್ಟೆ ಹರಿದರೆ ತೇಪೆ ಹಾಕುತ್ತೇನೆ. ಇದರಲ್ಲಿ ನಗುವಂಥದ್ದೇನಿದೆ ಅಂತೀರಿ. ಆದರೆ ಹಠ ಹಿಡಿದು ಒಂದು ಕೆಲಸಕ್ಕೆ ಕೂತವನ ಸುತ್ತ ನಗುವಂಥವು ತಾವಾಗಿಯೇ ಆಗುತ್ತಿರುತ್ತವೆ.

ಹೋದ ಬೇಸಿಗೆಯಲ್ಲಿ ಕುರಿ ಕಾಯುವ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ಅವಳು, ಗಂಡ, ಮಗ, ಸೊಸೆ, ನಾಲ್ವರೂ ವರ್ಷವಿಡೀ ಕುರಿಹಿಂಡಿನ ಜೊತೆ ಊರಿಂದ ಊರಿಗೆ ನಡೆಯುವವರು. ಸೊಸೆ ಬಸುರಿ, ಮಳೆಗಾಲದಲ್ಲೇ ಹೆರಿಗೆ.

"ಚಾಚಾ, ಕುದರಿ ಮ್ಯಾಲ ಹೇರೋವಂಥಾ ಒಂದು ಮನಿ ಹೊಲ್ದು ಕೊಡ್ರಿ. ಕೂಸಿನ ಮ್ಯಾಲ ಮಳಿಹನಿ ಬೀಳಬಾರ್ದು" ಅಂದಳು.

"ಎಂಟು ದಿನದಾಗ ಕೊಡ್ತೀನವ್ವ" ಅಂದೆ. ಅಂದದ್ದೇ ತಪ್ಪಾಯಿತು.

ಕಬ್ಬಿಣದ್ದು

ಮೊದಲನೆಯದಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿಯವನಿಂದ ಕಬ್ಬಿಣದ ಪೈಪಿನ ಚೌಕಟ್ಟು ಮಾಡಿಸಿದೆ. ಆನೆ ಒರಗಿದರೂ ಅಲುಗುತ್ತಿರಲಿಲ್ಲ. ಮಡಚಿ ಕಟ್ಟಿ, ನಾಲ್ಕು ಜನ ಸೇರಿ ಎತ್ತಿ ಅವರ ಕುದುರೆಯ ಬೆನ್ನಿಗೆ ಹೇರಿದೆವು. ಕುದುರೆ ಕುತ್ತಿಗೆ ತಿರುಗಿಸಿ ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ಸಾವಕಾಶವಾಗಿ ಕಾಲು ಮಡಚಿ ನಡುರಸ್ತೆಯಲ್ಲೇ ಕೂತುಬಿಟ್ಟಿತು. ಹಿಂದೆ ಲಾರಿಗಳ ಸಾಲು ನಿಂತು ಹಾರ್ನ್ ಹೊಡೆಯತೊಡಗಿದವು.

ನಾನು ಬೆವರುತ್ತ ಹಗ್ಗ ಬಿಚ್ಚುತ್ತಿದ್ದೆ. ಆ ಹೆಣ್ಣುಮಗಳು ನನಗೆ ಬೇಜಾರಾಗಬಾರದೆಂದು ಬಹಳ ಮೆಲ್ಲಗೆ ಹೇಳಿದಳು: "ಮನಿ ಭಾಳ ಚಲೋ ಆಗ್ಯಾದ್ರಿ ಚಾಚಾ. ಇದು ಇಲ್ಲೇ ಇರ್ಲಿ. ನಾವೇ ಆಗಾಗ ಬಂದು ಇದ್ದು ಹೋಗ್ತೀವಿ."

ಬಿದಿರಿನದು

ಭಾರವೇ ಶತ್ರು ಅಂತ ಗೊತ್ತಾಯಿತಲ್ಲ, ಎರಡನೆಯದಕ್ಕೆ ಸಣ್ಣ ಬಿದಿರು, ತೆಳು ಪ್ಲಾಸ್ಟಿಕ್ ಹಾಳೆ ಹಾಕಿದೆ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಆಗ ಅವರ ಹಿಂಡು ರಾಜೇಶ್ವರದ ಕಡೆ ಒಂದು ಹೊಲದಲ್ಲಿತ್ತು. ಬಸ್ಸಿನಲ್ಲಿ ಒಯ್ದು, ಕಣ್ಣುಮುಚ್ಚಿ ತೆರೆಯುವುದರಲ್ಲಿ ನಿಲ್ಲಿಸಿ ತೋರಿಸಿದೆ. "ನೋಡವ್ವ, ಎಷ್ಟು ಹಗುರ" ಅನ್ನುತ್ತಿರುವಾಗಲೇ ಮಳೆಗಾಳಿ ಎದ್ದಿತು. ಮನೆ ನೆಲ ಬಿಟ್ಟಿತು. ನಾನು ಒಂದು ಮೂಲೆ ಹಿಡಿದು ನಾಲ್ಕು ಹೆಜ್ಜೆ ಅದರ ಜೊತೆಗೇ ಹೋದೆ. ಕೈಜಾರಿತು.

ಎರಡು ಹೊಲ ದಾಟಿ ಓಡಿ ನೋಡಿದರೆ, ಅದು ಒಬ್ಬ ರೈತನ ಬಣವೆಯ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಆತ ಆಗಲೇ ನಾಲ್ಕೂ ಮೂಲೆಗೆ ಹಗ್ಗ ಬಿಗಿಯುತ್ತಿದ್ದ.

"ಅದು ನಂದ್ರಿ ಗೌಡ್ರ" ಅಂದೆ.

"ಹೌದೇನು? ಮಳಿ ಬರಾಕತ್ತದ, ಬಣವಿ ಮುಚ್ಚಾಕ ಏನರ ಕೊಡಪ್ಪ ಅಂತ ಈಗೇ ದೇವರಿಗೆ ಕೈ ಮುಗದಿದ್ದೆ" ಅಂದ ಆತ. "ಅದು ಮ್ಯಾಲಿಂದ ಬಂತು, ನೀವು ಬಸ್ಸಿಗೆ ಬಂದ್ರೇನು?"

ಅಂಗಳದಲ್ಲಿ

ಗಾಳಿಗೆ ಉಪಾಯ ಹೇಳಿದ್ದು ಆ ಹೆಣ್ಣುಮಗಳೇ. "ಭಾರ ಹೊತ್ಕೊಂಡು ಯಾಕ ತಿರಗಬೇಕ್ರಿ? ಹೋದಲ್ಲೆಲ್ಲಾ ಮಣ್ಣು ಸಿಗ್ತದ. ಅಂಚಿಗೆ ಚೀಲ ಹೊಲೀರಿ, ಅಲ್ಲಲ್ಲಿ ತುಂಬ್ಕೋತೀವಿ, ಹೊರಡೋವಾಗ ಚೆಲ್ತೀವಿ." ಮೂವತ್ತು ವರ್ಷ ಮಶೀನು ತುಳಿದ ನನಗೆ ಇದು ಹೊಳೆದಿರಲಿಲ್ಲ. ಹಳೇ ಲಾರಿ ತಾಡಪತ್ರಿಯಲ್ಲಿ ಚಲೋ ಇದ್ದ ಭಾಗವಷ್ಟೇ ಕತ್ತರಿಸಿ, ಅಂಚಿಗೆಲ್ಲ ಚೀಲ ಹೊಲಿದೆ. ಕಂಬಕ್ಕೆ ಅವರ ಕೈಯಲ್ಲಿರುವ ಕೋಲುಗಳೇ ಸಾಕಾದವು.

ಉಳಿದದ್ದು ಸೋರುವುದು. ಸೂಜಿ ಚುಚ್ಚಿದಲ್ಲೆಲ್ಲ ನೀರು ಇಳಿಯುತ್ತದೆ. ಒಂದು ಹನಿ ಬಿದ್ದರೂ ಅವರಿಗೆ ಕೊಡುವುದಿಲ್ಲ ಅಂತ ನಿಶ್ಚಯ ಮಾಡಿ, ನಮ್ಮ ಅಂಗಳದಲ್ಲೇ ಅದನ್ನು ನಿಲ್ಲಿಸಿ ಒಳಗೆ ಹೋಗಿ ಕೂತೆ. ಊಟ, ನಿದ್ದೆ ಎಲ್ಲ ಅಲ್ಲೇ. ದಿನಾ ಮುಂಜಾನೆ ಹೆಂಡತಿ ಮೇಲಿಂದ ಎರಡು ಕೊಡ ನೀರು ಸುರಿಯಬೇಕು, ನಾನು ಒಳಗಿಂದ ಸೋರಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು, ಆಮೇಲೆ ಮೇಣ ಕಾಸಿ ಹಚ್ಚಬೇಕು.

ಮೂರನೇ ದಿನ ಮೊಹಲ್ಲಾದ ಇಬ್ಬರು ಹಿರಿಯರು ಬಂದರು. ಹೆಂಡತಿ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದಲ್ಲದೆ ದಿನಾ ನೀರು ಬೇರೆ ಎರಚುತ್ತಾಳೆ ಅಂತ ಅವರಿಗೆ ಸುದ್ದಿ ಹೋಗಿತ್ತು.

"ತಪ್ಪು ಏನೇ ಇರ್ಲಿ, ಮಾಫ್ ಮಾಡವ್ವ. ಒಳಗ ಕರ್ಕೋ" ಅಂದರು ನನ್ನ ಹೆಂಡತಿಗೆ.

ಅವಳು ತಲೆಮೇಲಿನ ಸೆರಗು ಸರಿಮಾಡಿಕೊಂಡು, "ಜಗಳಾ ಏನೂ ಇಲ್ರಿ. ಇನ್ನೂ ಒಂದು ತಿಂಗಳು ಅಲ್ಲೇ ಇರ್ಲಿ. ಮನ್ಯಾಗ ಭಾಳ ಆರಾಮ ಅದ" ಅಂದಳು.

ಮಳೆಯಲ್ಲಿ

ಕೊನೆಗೂ ಒಂದು ಹನಿಯೂ ಇಳಿಯದ ಮನೆ ತಯಾರಾಯಿತು, ಕೊಟ್ಟೆ. ಸೊಸೆ ಬಸವಕಲ್ಯಾಣದ ದವಾಖಾನೆಯಲ್ಲಿ ಹೆಣ್ಣುಕೂಸು ಹೆತ್ತು ಹಿಂಡಿಗೆ ಮರಳಿದ ವಾರವೇ ಜಡಿಮಳೆ ಹಿಡಿಯಿತು. ನನಗೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ. ಸೂಜಿ, ದಾರ, ಮೇಣ ತಗೊಂಡು ಹಿಂಡಿದ್ದಲ್ಲಿಗೆ ಹೋದೆ. ದೂರದಿಂದಲೇ ಕಂಡಿತು: ಮನೆ ನಿಂತಿದೆ, ಆದರೆ ಗಂಡ, ಹೆಂಡತಿ, ಮಗ ಮೂವರೂ ಗೋಣಿಚೀಲ ಹೊದ್ದು ಹೊರಗೆ ಮಳೆಯಲ್ಲಿ ಕೂತಿದ್ದಾರೆ.

"ಸೋರಾಕತ್ತದೇನವ್ವ?"

"ಇಲ್ರಿ ಚಾಚಾ, ಒಂದು ಹನಿ ಇಲ್ಲ."

ಬಗ್ಗಿ ನೋಡಿದೆ. ಒಣ ಕಂಬಳಿಯ ಮೇಲೆ ಬಾಣಂತಿ, ಕೂಸು ಬೆಚ್ಚಗೆ ನಿದ್ದೆ ಹೋಗಿದ್ದರು. ನನಗೆ ಕಣ್ಣು ತುಂಬಿತು. ಅವರ ಸುತ್ತ ಕಾಲಿಡಲು ಜಾಗವಿಲ್ಲದಂತೆ ಕುರಿಮರಿಗಳು ಮಲಗಿದ್ದವು.

"ಒಳಗ ಒಣಾ ಅದ ಅಂತ ಮರಿಗೋಳಿಗೆ ನಮಗಿಂತ ಮೊದಲ ಗೊತ್ತಾತ್ರಿ" ಅಂದ ಗಂಡ.

ಚೀಟಿಗಳು

ದಸರಾ ಮುಗಿದ ಮೇಲೆ ಗಂಡಹೆಂಡತಿ ಇಬ್ಬರೂ ಒಂದು ಚೀಲದ ಹೊಲಿಗೆ ಬಿಟ್ಟಿದೆ ಅಂತ ಮನೆಯನ್ನೇ ತಂದರು. ಬಿಚ್ಚಿದರೆ ತಾಡಪತ್ರಿಯ ಮೇಲೆ ನಾಲ್ಕು ಚೀಟಿ, ನಾಲ್ಕಕ್ಕೂ ಬೇರೆ ಬೇರೆ ನಂಬರು.

"ಮನಿ ಎಣಸೋರು ಹಚ್ಯಾರ್ರಿ" ಅಂದಳು. "ಒಂದೂರಾಗ ಹಚ್ಚಿದ್ರು. ಮುಂದಿನ ಊರಿಗೆ ಹೋದ್ವಿ, ಆ ಊರಿನ ನಂಬರ್ ಇಲ್ಲಿ ನಡ್ಯಂಗಿಲ್ಲ ಅಂತ ಅವರದೊಂದು ಹಚ್ಚಿದ್ರು. ಹಂಗೇ ನಾಲ್ಕಾದ್ವು."

"ಚಲೋ ಆತು. ಸರಕಾರದ ಮನಿಗೆ ಅರ್ಜಿ ಕೊಡ್ರಿ" ಅಂದೆ.

"ಕೊಟ್ವಿ. ಸಾಹೇಬ್ರು ಕಂಪ್ಯೂಟರ್ ನೋಡಿ, 'ನಿಮಗ ಆಗ್ಲೇ ನಾಲ್ಕೂರಾಗ ನಾಲ್ಕು ಮನಿ ಅವ. ಬಡವರಿಗೆ ಸಿಗೋದು ನೀವ್ಯಾಕ ಕೇಳ್ತೀರಿ? ಮೊದಲ ಅವನ್ನ ಬಿಟ್ಟುಕೊಡ್ರಿ' ಅಂದ್ರು."

"ನೀವೇನಂದ್ರಿ?"

ಅವಳು ಗಂಡನ ಕಡೆ ನೋಡಿದಳು. ಆತ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಅಂದ:

"'ಹೊರಗ ಕುದರಿ ಮ್ಯಾಲ ನಾಲ್ಕೂ ಅವ್ರಿ ಸಾಹೇಬ್ರ, ಇಳಿಸ್ಕೋರಿ' ಅಂದೆ."