ಬಾಸ್ ಗಿಟಾರಿಗೆ ಕೊಟ್ಟ ಅರ್ತಿಂಗ್

ಸಂಗೀತದಿಂದ ರೋಮಾಂಚನವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನಗಂತೂ ಆಗುತ್ತಿತ್ತು, ಜೊತೆಗೆ ಮೊಣಕೈಯವರೆಗೆ ಜೋಮು ಹಿಡಿಯುತ್ತಿತ್ತು.

ಬೊಂಬಾಯಿಯ ಹೋಟೆಲೊಂದರ ಬ್ಯಾಂಡಿನಲ್ಲಿದ್ದ ಗೆಳೆಯ ಗಣೇಶಮೂರ್ತಿ ಊರಿಗೆ ಬಂದವನು, ತನ್ನ ಹಳೆಯ ಎಲೆಕ್ಟ್ರಿಕ್ ಬಾಸ್ ಗಿಟಾರನ್ನೂ ಅದರ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ನನ್ನ ಕೊರಳಿಗೆ ಕಟ್ಟಿ ಹೋಗಿದ್ದ. ನಾಲ್ಕೇ ತಂತಿ, ಗೂಳಿ ಗುಟುರು ಹಾಕಿದಂಥ ಸ್ವರ. ಸಾಗರ ಪೇಟೆಯಲ್ಲೇ ಇಂಥದ್ದು ಇನ್ನೊಂದಿರಲಿಲ್ಲ. ಸೆಗಣಿ ಸಾರಿಸಿದ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ತಂತಿ ಮುಟ್ಟಿದೆನೋ, ಈಚೆಗಷ್ಟೇ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದೆಯಲ್ಲ, ಅಲ್ಲಿಯ ಕರೆಂಟೆಲ್ಲ ಬೆಂಗಳೂರಿನ ದಾರಿ ಬಿಟ್ಟು ನನ್ನ ಮೈಮೇಲೇ ಬರುತ್ತಿತ್ತು. (ನನ್ನ ಹೆಂಡತಿಯ ಹೆಸರು ಶರಾವತಿ. ಆ ಕಡೆಯಿಂದ ಬರುವ ಕರೆಂಟಿಗೆ ಸ್ವಿಚ್ಚೇ ಇಲ್ಲ.)

"ಎಂತದ್ರೀ ಇದು? ಒಂದು ಸ್ವರ, ಒಂದು ಅಯ್ಯಯ್ಯೋ!" ಎಂದಳು ಅವಳು. "ಭಾನುವಾರ ಗಣಪತಿ ಕಮಿಟಿ ಕೆರಿಯಪ್ಪನೋರು ಕೇಳೋಕೆ ಬರ್ತಾರಲ್ಲ, ಅವ್ರು ಹಬ್ಬದ ಕಾರ್ಯಕ್ರಮಕ್ಕೆ ಆರಿಸಿದ್ರೆ ಇದು ಮನೇಲಿರ್ಲಿ. ಇಲ್ದಿದ್ರೆ ವಾಪಸ್ ಬೊಂಬಾಯಿಗೆ!"

ನನ್ನ ಕಲಾಜೀವನದ ಅಳಿವು ಉಳಿವು ಭಾನುವಾರಕ್ಕೆ ಬಂದು ನಿಂತಿತು. "ಪೆಟ್ಟಿಗೆಗೆ ಅರ್ತಿಂಗ್ ಕೊಡು ಮಾರಾಯ, ಪಸೆ ಇರೋ ಮಣ್ಣಿಗೆ ತಾಮ್ರದ ತಂತಿ ಇಳಿಸು" ಎಂದು ಗಣೇಶಮೂರ್ತಿ ಹೇಳಿದ್ದು ನೆನಪಾಯಿತು. ಆದರೆ ಹಿತ್ತಿಲಲ್ಲಿ ಗುಂಡಿ ತೋಡುವುದು ಯಾರ ಕೈಲಾಗುತ್ತದೆ? ಆಗ ಹೊಳೆದದ್ದೇ ಬಚ್ಚಲುಮನೆಯ ಹಂಡೆ! ಅಪ್ಪಟ ತಾಮ್ರ. ಸೊಂಟದವರೆಗೆ ಮಣ್ಣಿನ ಒಲೆಯಲ್ಲಿ ಹೂತಿದೆ. ಹೊಟ್ಟೆ ತುಂಬ ನೀರು. ಇಷ್ಟು ಭವ್ಯವಾದ ಅರ್ತಿಂಗ್ ಪವರ್ ಹೌಸಿನಲ್ಲೂ ಇರಲಾರದು. ಪೆಟ್ಟಿಗೆಯಿಂದ ಕಿಟಕಿಯ ಮೂಲಕ ತಂತಿ ಎಳೆದು ಹಂಡೆಯ ಕಂಠಕ್ಕೆ ಬಿಗಿದೆ.

ಭಾನುವಾರ ಕೆರಿಯಪ್ಪನವರು ಬಂದು ಕುರ್ಚಿಯಲ್ಲಿ ಕುಳಿತರು. ನಾನು ಹಲಸಿನ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ತಂತಿ ಮೀಟಿದೆ. ಶಾಕ್ ಇಲ್ಲ! (ಅದು ಮಣೆಯ ಪುಣ್ಯ, ಹಂಡೆಯದಲ್ಲ ಎಂದು ತಿಳಿದದ್ದು ಆಮೇಲೆ.)

ಅಷ್ಟರಲ್ಲಿ ಬಚ್ಚಲಿನಿಂದ "ಆ... ಆಆ... ಅಹಹಹಾ" ಎಂಬ ನಾದ ಎದ್ದಿತು. ತೀರ್ಥಹಳ್ಳಿಯಿಂದ ಮಗಳ ಮನೆಗೆಂದು ಬಂದಿದ್ದ ಮಾವ ಧರ್ಮಪ್ಪನವರು ಎಣ್ಣೆಸ್ನಾನಕ್ಕೆ ಹೋಗಿದ್ದರು. ಕಣ್ಣಿಗೆ ಸೀಗೆಪುಡಿ ಬಿದ್ದಿತ್ತು, ನೀರಿಲ್ಲದೆ ಗತಿಯಿಲ್ಲ. ಹಂಡೆಗೆ ಚೊಂಬು ಅದ್ದಿದಾಗಲೆಲ್ಲ ಒಂದೊಂದು ಆಲಾಪ! ಅದನ್ನು ಮುಚ್ಚಿಹಾಕಲು ನಾನು ಜೋರಾಗಿ ಬಾರಿಸಿದೆ. ಮಾವನವರು ಮೇಲಿನ ಷಡ್ಜಕ್ಕೆ ಹೋದರು.

ಶರಾವತಿ ಓಡಿಬಂದು ಪ್ಲಗ್ ಕಿತ್ತಳು. ತಂತಿ ನೋಡುತ್ತಲೇ ಅವಳಿಗೆ ಎಲ್ಲ ತಿಳಿಯಿತು. "ದಿನಾ ಬೆಂಕಿ ಉರಿಯೋ ಒಲೇಲಿ ಪಸೆ ಎಲ್ಲಿರುತ್ತೆ ರೀ? ಕರೆಂಟು ಮಣ್ಣಿಗಿಳೀದೆ ಹಂಡೇಲೇ ನಿಂತಿದೆ! ಒಂದಿನ ಆದ್ರೂ ಒಲೆ ಊದಿದ್ರೆ ಗೊತ್ತಾಗ್ತಿತ್ತು!"

ಒದ್ದೆ ಪಂಚೆಯಲ್ಲಿ, ಮೀಸೆ ನಿಮಿರಿದ ಮಾವ ಹೊರಬಂದರು. ನಾನು ಮೆಲ್ಲನೆ ಬಾಗಿಲ ಕಡೆ ಸರಿದೆ. ಕೆರಿಯಪ್ಪನವರು ಎದ್ದು ಮಾವನಿಗೆ ಕೈಮುಗಿದರು.

"ಎಂಥ ಗಮಕ ಮಾರಾಯ್ರೆ! ಹಬ್ಬಕ್ಕೆ ನೀವೇ ಹಾಡ್ಬೇಕು. ಈ ಗುಂಯ್ ಗುಂಯ್ ಬ್ಯಾಡ."

ಬಯ್ಯಲು ತೆರೆದಿದ್ದ ಮಾವನ ಬಾಯಿ ಹಾಗೇ ನಗುವಾಯಿತು. "ಹಾಡಾಣಂತೆ" ಎಂದರು.

ಮಾರನೆಯ ದಿನವೇ ಗಿಟಾರು ಬಸ್ಸು ಹತ್ತಿತು. ಬೇಜಾರಾಯಿತು, ನಿಜವಾಗಿ ಬೇಜಾರಾಯಿತು. ಮಾವನವರು ಮಾತ್ರ ಸಾಧನೆಗೆಂದು ಹಬ್ಬದವರೆಗೂ ನಮ್ಮಲ್ಲೇ ಉಳಿದಿದ್ದಾರೆ. ಕೋಳಿ ಕೂಗುವ ಮುಂಚೆ ಆಲಾಪ ಶುರು. ಎದುರು ಕೂತು ತಲೆದೂಗಲು ರಸಿಕನೊಬ್ಬ ಬೇಕಂತೆ, ಆ ಹುದ್ದೆ ನನ್ನದು. ತೂಕಡಿಸಿದರೂ ತಲೆದೂಗಿದಂತೆಯೇ ಕಾಣುತ್ತದೆ ಎಂದುಕೊಂಡಿದ್ದೆ.

ಅಡುಗೆಮನೆಯಿಂದ ಶರಾವತಿ ಕೂಗುತ್ತಾಳೆ: "ತಾಳಕ್ಕೆ ಸರಿಯಾಗಿ ತೂಗ್ರೀ!"