ತೋಂಟದಾರ್ಯರ ಬಲಗಿವಿ ಒಪ್ಪಿದ ಕಾರು

ಹೊನ್ನವಳ್ಳಿಯ ಕೊಬ್ಬರಿ ವ್ಯಾಪಾರಿ ತೋಂಟದಾರ್ಯರಿಗೆ ಎಲ್ಲರ ಹಾಗೆ ಎರಡು ಕಿವಿ. ಎಡಗಿವಿ ಲೋಕವ್ಯವಹಾರಕ್ಕೆ, ಬಲಗಿವಿ ಕೊಬ್ಬರಿಗೆ ಮೀಸಲು. ಕಾಯಿ ಒಣಗಲು ಬಿಟ್ಟ ಯಾರ ಮನೆಯ ಅಟ್ಟ ಹತ್ತಿದರೂ ಒಂದು ಕಾಯಿ ಎತ್ತಿ, ಕಣ್ಣು ಮುಚ್ಚಿ, ಬಲಗಿವಿಯ ಪಕ್ಕ ಕುಲುಕುವರು. ಒಳಗೆ ಗಟಗಟ ಎಂದರೆ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಮಾಲು ಪಕ್ವ. ಸದ್ದೇ ಇಲ್ಲದಿದ್ದರೆ ಇನ್ನೂ ಹಸಿ. ತಿಪಟೂರು ಮಾರುಕಟ್ಟೆಯಲ್ಲಿ ಜನ ತಕ್ಕಡಿಯನ್ನಾದರೂ ಅನುಮಾನಿಸುತ್ತಿದ್ದರು, ಆ ಕಿವಿಯನ್ನಲ್ಲ.

ಇಂಥ ಘನವಾದ ಕಿವಿಗೆ ಆರು ತಿಂಗಳಿಂದ ಇಯರ್‌ಫೋನ್ ಅಂಟಿಕೊಂಡಿತ್ತು. ತೋಂಟದಾರ್ಯರು ಮೊಬೈಲಿನಲ್ಲಿ ಓಟದ ಕಾರುಗಳನ್ನು ನೋಡತೊಡಗಿದ್ದರು. ದೇಶಿ ಟರ್ಬೊ ಇಂಜಿನ್ ಮೇಲೋ, ವಿದೇಶಿ ಟರ್ಬೊ ಮೇಲೋ? ಅದೇ ಕಬ್ಬಿಣ, ಅದೇ ಪೆಟ್ರೋಲು, ಅದೇ ನಾಲ್ಕು ಚಕ್ರ. ಹಾಗಿದ್ದೂ ಆ ಜರ್ಮನಿಯವರು ಒಳಗೆ ಅದೇನನ್ನು ಇಟ್ಟಿರುತ್ತಾರೆ? ಈ ಒಂದು ಕುತೂಹಲ ಊಟದ ತಟ್ಟೆಯವರೆಗೂ ಅವರನ್ನು ಅಟ್ಟಿಸಿಕೊಂಡು ಬರುತ್ತಿತ್ತು.

"ಸೊನ್ನೆಯಿಂದ ನೂರಕ್ಕೆ ಆರೇ ಸೆಕೆಂಡು ಕಣೇ!"

"ಎಲ್ಲಿಂದ ಎಲ್ಲಿಗ್ರೀ?" ಎಂದರು ಮೀನಾಕ್ಷಮ್ಮ, ಮುದ್ದೆ ಬಡಿಸುತ್ತ.

"ಊರಲ್ಲ ಕಣೇ, ವೇಗ."

"ಇಲ್ಲಿಂದ ತಿಪಟೂರಿಗೆ ರಸ್ತೇಲಿ ಹದಿನಾಲ್ಕು ಹಂಪು ಅವೆ. ನೂರು ಮುಟ್ಟೋದೆಲ್ಲಿ, ತೆಂಗಿನ ಮರದ ಮೇಲಾ?"

ಮನೆಯಲ್ಲಿ ಹನ್ನೆರಡು ವರ್ಷದ ಒಂದು ಬಿಳಿ ಕಾರಿತ್ತು. ಮೀನಾಕ್ಷಮ್ಮ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಹಿಂಡಿ ಮೂಟೆ, ಹಲಸಿನಹಣ್ಣು, ಒಮ್ಮೆ ಕಾಲು ಉಳುಕಿದ ಕರು, ಎಲ್ಲವೂ ಅದರಲ್ಲಿ ಸವಾರಿ ಮಾಡಿದ್ದವು. ಅದನ್ನು ಮಾರಿ ಓಟದ ಕಾರು ತರಬೇಕೆಂಬುದು ತೋಂಟದಾರ್ಯರ ಸಂಕಲ್ಪ. ತನ್ನ ಜೀವ ಇರುವವರೆಗೆ ಅದು ಗೇಟು ದಾಟದೆಂಬುದು ಮೀನಾಕ್ಷಮ್ಮನ ಪ್ರತಿಜ್ಞೆ. (ದಾಟಿದರೂ ಸ್ಟೇರಿಂಗ್ ಹಿಡಿದು ತಾವೇ ದಾಟಿಸಬೇಕು.)

ಆ ಭಾನುವಾರ ಬೆಳಿಗ್ಗೆ, ತುಮಕೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಮಾರುವ ಮೀನಾಕ್ಷಮ್ಮನ ತಮ್ಮ ಮಹಾಂತೇಶ್ ಒಂದಲ್ಲ, ಎರಡು ಗಾಡಿ ತರಿಸಿ ಅಂಗಳದಲ್ಲಿ ನಿಲ್ಲಿಸಿದ. ಒಂದು ಕೆಂಪು ದೇಶಿ, ಇನ್ನೊಂದು ಬೂದು ಬಣ್ಣದ ಜರ್ಮನ್. ತೋಂಟದಾರ್ಯರು ಮದುವೆ ಗಂಡಿನಂತೆ ಪಂಚೆ ಸರಿಮಾಡಿಕೊಂಡು ಇಳಿದು ಬಂದರು.

"ಭಾವ, ಈ ಜರ್ಮನ್‌ದು ಇನ್ನೂರ ಐವತ್ತು ಕುದುರೆ ಬಲ. ದೇಶಿದು ನೂರ ಇಪ್ಪತ್ತು," ಎಂದ ಮಹಾಂತೇಶ್.

"ಅಷ್ಟು ಕುದುರೆಗೆ ಹುರುಳಿ ಎಲ್ಲಿ ತರಾಣ?" ಎಂದು ಅಟ್ಟದ ಕೆಲಸದ ಆಂಜನಪ್ಪ ನಿಜವಾಗಿಯೂ ಚಿಂತೆಗೆ ಬಿದ್ದ. ಆಮೇಲೆ ತನಗೆ ತಿಳಿದ ಪರೀಕ್ಷೆಯನ್ನೂ ಮಾಡಿದ. ಸಿಪ್ಪೆ ಸುಲಿಯದ ಒಂದು ಕಾಯಿಯನ್ನು ಕಾರಿನ ಕೆಳಗೆ ಉರುಳಿಸಿದ. ಕೆಂಪು ಗಾಡಿಯ ಅಡಿಯಲ್ಲಿ ಕಾಯಿ ಸವರಿಕೊಂಡು ಪಾರಾಯಿತು. ಜರ್ಮನ್ ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡಿತು.

"ಯಜಮಾನ್ರೆ, ಇದು ಕಾಯಿನೂ ದಾಟಾಕಿಲ್ಲ, ಇನ್ನು ಹಂಪು ದಾಟ್ತದಾ?"

"ನೋಡಿದ್ರಾ?" ಎಂದರು ಮೀನಾಕ್ಷಮ್ಮ.

"ಗಾಡಿನ ಕಾಯಿಂದ ಅಳೀಬಾರದು ಕಣೇ, ಕಿವಿಯಿಂದ ಅಳೀಬೇಕು!" ಎಂದು ತೋಂಟದಾರ್ಯರು ಎದೆಯುಬ್ಬಿಸಿದರು. "ಕಣ್ಣು ಕಟ್ಟು. ಇಂಜಿನ್ ಸದ್ದು ಕೇಳೇ ಯಾವುದು ಮೇಲು ಅಂತ ಹೇಳ್ತೀನಿ."

ಹಿಂದಿನ ಸಂಜೆ ದಬ್ಬೇಘಟ್ಟದ ತಂಗಿಯ ಮನೆಗೆ ಕಾರಿನಲ್ಲಿ ಹೋಗಿ ಬಂದಾಗಿನಿಂದ ಮೀನಾಕ್ಷಮ್ಮ ಯಾಕೋ ಸ್ವಲ್ಪ ಮಂಕಾಗಿದ್ದರು. ಈ ಮಾತು ಕೇಳಿದ್ದೇ ಮುಖ ಅರಳಿತು.

"ಕಿವಿ ಒಪ್ಪಿದ್ದೇ ಈ ಮನೆ ಗಾಡಿ. ಹತ್ತು ವರ್ಷ ಮತ್ತೆ ಕಾರಿನ ಮಾತು ಎತ್ತಂಗಿಲ್ಲ. ಆಯ್ತಾ?"

"ಆಯ್ತು! ನನ್ನ ಕಿವಿ ಮೇಲಾಣೆ!"

"ಆಂಜನಪ್ಪ, ನೀನೇ ಸಾಕ್ಷಿ ಕಣಪ್ಪ," ಎಂದು ಮೀನಾಕ್ಷಮ್ಮ ಟವೆಲಿನಿಂದ ಗಂಡನ ಕಣ್ಣು ಕಟ್ಟಿದರು. "ಮೂರು ಸಲ ಸದ್ದು ಬತ್ತದೆ. ಒಂದು, ಎರಡು, ಮೂರು ಅಂತ ಕೂಗ್ತೀನಿ. ನಿಮಗೆ ಬೇಕಾದ್ದು ಆರಿಸ್ಕಳಿ."

ಇರುವುದು ಎರಡೇ ಗಾಡಿ, ಮೋಸಕ್ಕೆ ಒಂದನ್ನೇ ಎರಡು ಸಲ ಕೇಳಿಸುವ ಹೆಂಗಸರ ಹುಡುಗಾಟ ಎಂದುಕೊಂಡು ತೋಂಟದಾರ್ಯರು ಟವೆಲಿನೊಳಗೇ ನಕ್ಕರು.

"ಒಂದು!"

ಜೇನುನೊಣದಂಥ ಗುಂಯ್‌ಗುಡುವ ಸದ್ದು. ಆಂಜನಪ್ಪ ಕೈ ಹಿಡಿದು ನಡೆಸಿದಲ್ಲಿ ತೋಂಟದಾರ್ಯರು ಬಾನೆಟ್ಟಿಗೆ ಬಲಗಿವಿ ಒಡ್ಡಿದರು. "ದೇಶಿ. ಚುರುಕಾಗದೆ. ಆದ್ರೆ ಎಳೆಸು."

"ಎರಡು!"

ಸದ್ದು ಬಂತೋ ಇಲ್ಲವೋ ಎಂಬಷ್ಟು ಮೆದು. ಮೂವತ್ತು ವರ್ಷದ ಅಭ್ಯಾಸ ಆರು ತಿಂಗಳ ಮೊಬೈಲನ್ನು ಪಕ್ಕಕ್ಕೆ ತಳ್ಳಿತು. ಕುಲುಕಿದರೂ ಸದ್ದಿಲ್ಲ! "ಇದರಲ್ಲಿ ಇನ್ನೂ ನೀರು ಆರಿಲ್ಲ. ಹಸಿ. ಲೇ ಮಾಂತೇಶ, ಇದನ್ನ ಇನ್ನೂ ಎರಡು ತಿಂಗಳು ಅಟ್ಟದ ಮೇಲೆ ಬುಡ್ಲಾ!"

"ಭಾವ, ಅದು..." ಎಂದ ಮಹಾಂತೇಶ್. ಯಾರೋ ಅವನ ಬಾಯಿ ಮುಚ್ಚಿದ ಹಾಗಿತ್ತು.

"ಮೂರು!"

ಆಗ ಬಂತು ನೋಡಿ ಮಹಾನಾದ! ಗುಡುಗುಡು ಗುಡುಗು, ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು, ಆಂಜನಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆ ಗರ್ಜನೆಯ ನಡುವೆ, ಒಳಗೆಲ್ಲೋ ಗಟಗಟ, ಗಟಗಟ. ತೋಂಟದಾರ್ಯರ ಮೈ ಜುಮ್ಮೆಂದಿತು. ಬಲಗಿವಿ ಜೀವಮಾನದಲ್ಲಿ ಕೇಳಿದ ಅತ್ಯಂತ ಪಕ್ವವಾದ ಸದ್ದು.

"ಇದು!" ಎಂದು ಅವರು ಬಾನೆಟ್ಟನ್ನು ತಬ್ಬಿಕೊಂಡೇಬಿಟ್ಟರು. "ಇದೇ ಜರ್ಮನ್! ಎರಡನೇದು ಬೇರೆ ಯಾವುದೋ. ಒಳಗೆ ಇಟ್ಟಿರೋದೇನು ಅಂತ ಇವತ್ತು ಗೊತ್ತಾಯ್ತು ಕಣೇ. ಇದಪ್ಪ ಗಿಟುಕು ಕೊಬ್ಬರಿ! ಇದೇ ನಮ್ಮನೆ ಗಾಡಿ!"

ಮೀನಾಕ್ಷಮ್ಮ ಕಿಟಕಿಯಿಂದ ಕೈ ಚಾಚಿ ಟವೆಲು ಎಳೆದರು.

ತೋಂಟದಾರ್ಯರು ತಬ್ಬಿಕೊಂಡಿದ್ದುದು ಹನ್ನೆರಡು ವರ್ಷದ ಬಿಳಿ ಕಾರನ್ನು.

ಹಿಂದಿನ ಸಂಜೆ ದಬ್ಬೇಘಟ್ಟದ ಹಂಪಿನ ಮೇಲೆ ಸೈಲೆನ್ಸರ್ ಮುರಿದಿತ್ತು. ಸದ್ದು ಗಂಡನ ಕಿವಿಗೆ ಬಿದ್ದರೆ ಗಾಡಿ ಮಾರಲು ಅದೊಂದೇ ನೆಪ ಸಾಕೆಂದು ಮೀನಾಕ್ಷಮ್ಮ ಬೀದಿಯ ಆ ತುದಿಯಲ್ಲೇ ಇಂಜಿನ್ ಆರಿಸಿ, ಆಂಜನಪ್ಪನ ಕೈಲಿ ತಳ್ಳಿಸಿಕೊಂಡು ಒಳಗೆ ಬಂದಿದ್ದರು. ಗಟಗಟ ಮಾತ್ರ ಅವರಿಗೂ ಹೊಸದು. ಡಿಕ್ಕಿ ತೆರೆದರೆ ತಂಗಿ ಕೊಟ್ಟ ಕಾಯಿಯೊಂದು ಮೂಲೆಯಲ್ಲಿ ಇಂಜಿನ್ ತಾಳಕ್ಕೆ ಕುಲುಕುತ್ತಿತ್ತು. ಅದರೊಳಗೆ ಕೊಬ್ಬರಿ ಚೆನ್ನಾಗಿ ಚಿಪ್ಪು ಬಿಟ್ಟಿತ್ತು.

ಮಹಾಂತೇಶ್ ನೆಲಕ್ಕೆ ಕೂತು ನಗುತ್ತಿದ್ದ. "ಹೋಗ್ಲಿ ಬುಡಿ ಭಾವ, ಕಿವಿ ಒಂದು ಸಲ ತಪ್ಪಿರ್ತದೆ!"

ತೋಂಟದಾರ್ಯರ ಕಣ್ಣು ಆಂಜನಪ್ಪನ ಮೇಲೆ ಬಿತ್ತು. ನಾಳೆ ಮಾರುಕಟ್ಟೆ. ಆ ಕಿವಿ ತಪ್ಪಿತೆಂಬ ಸುದ್ದಿ ಆಂಜನಪ್ಪನ ಬಾಯಿಂದ ಹೊರಟರೆ, ಅವರು ತಿಪಟೂರು ಮುಟ್ಟುವ ಮೊದಲೇ ಅದು ಅಲ್ಲಿಗೆ ಮುಟ್ಟಿರುತ್ತಿತ್ತು. (ಸೊನ್ನೆಯಿಂದ ನೂರಕ್ಕೆ ಅದಕ್ಕೆ ಆರು ಸೆಕೆಂಡೂ ಬೇಕಿರಲಿಲ್ಲ.)

"ಯಾರ‍್ಲಾ ತಪ್ಪಿದ್ದು?" ಎಂದು ಗುಡುಗಿದರು. "ನನ್ನ ಕಿವಿ ತಪ್ಪಾಕಿಲ್ಲ! ನಾನು ಹೇಳಿದ್ದೇ ಸರಿ. ಈ ಮೂರರಲ್ಲಿ ಇದೇ ಮೇಲು. ತಗಂಡೋಗ್ಲಾ ನಿನ್ನ ಹಸೀ ಜರ್ಮನ್ ಗಾಡೀನ!"

ಮಹಾಂತೇಶ್ ತಗೊಂಡು ಹೋದ.

ಮರುದಿನ ಮೀನಾಕ್ಷಮ್ಮ, "ತಿಪಟೂರಿಗೆ ಹೋಗ್ತಾ ಸೈಲೆನ್ಸರ್ ಬೆಸುಗೆ ಹಾಕಿಸ್ಕಂಡು ಬನ್ರೀ, ಅರ್ಧ ಗಂಟೆ ಕೆಲಸ," ಎಂದರು.

"ಮುಟ್ಟಬ್ಯಾಡ!" ಎಂದರು ತೋಂಟದಾರ್ಯರು. ಮಾರುಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಆ ಸದ್ದೇ ಅವರ ಸಮರ್ಥನೆ.

ಅಂದಿನಿಂದ ಆ ಗಾಡಿ ಹೊನ್ನವಳ್ಳಿಯಲ್ಲಿ ಹೊರಟರೆ ತಿಪಟೂರಿನವರು ದಾರಿ ಬಿಡುತ್ತಾರೆ. ಪಕ್ಕದ ಸೀಟಿನಲ್ಲಿ ಮೀನಾಕ್ಷಮ್ಮ, ಎರಡು ಕಿವಿಗೂ ಹತ್ತಿ. ಮೊನ್ನೆ ಅಡುಗೆಮನೆಯಲ್ಲಿ ಚಟ್ನಿಗೆ ಕೊಬ್ಬರಿ ಇರಲಿಲ್ಲವೆಂದು ಡಿಕ್ಕಿಯ ಆ ಕಾಯಿಗೆ ಕೈ ಹಾಕಿದ್ದರು.

"ಏಯ್, ಅದನ್ನ ತೆಗೀಬ್ಯಾಡ ಕಣೇ," ಎಂದು ತೋಂಟದಾರ್ಯರು ಎಲೆಯ ಮುಂದಿನಿಂದ ಎದ್ದು ಓಡಿ ಬಂದರು. "ಅದು ಇಂಜಿನ್ನಿನ ಭಾಗ!"