ಬಾಗಿಲ ಮೇಲೆ ಬರೆದ ಇಂಗ್ಲಿಷ್

ಮಕ್ಕಳಿಗೆ ಇಂಗ್ಲಿಷ್ ಶಬ್ದ ಕಲಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ. ಕಲಿಸುವುದು ನನಗೆ ಗೊತ್ತಿತ್ತು ಸ್ವಾಮಿ! ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಆ ಊರಿಗೆ.

ಎಪ್ಪತ್ತರ ದಶಕದ ಮಾತು. ಸಂಶಿಯ ಹತ್ತಿರದ ಒಂದು ಹಳ್ಳಿಯ ಶಾಲೆಗೆ ನಾನೊಬ್ಬನೇ ಮಾಸ್ತರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬರುವ ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಮಕ್ಕಳನ್ನು ಪ್ರಶ್ನೆ ಕೇಳುವವರಿದ್ದರು. ಅವರಿಗೆ ಸರಿಬಿದ್ದರೆ ನಾನು ಕಾಯಂ. ಇಲ್ಲದಿದ್ದರೆ ಗಂಟುಮೂಟೆ!

ನನ್ನ ಮಕ್ಕಳೋ, 'ಡೋರ್ ಅಂದರೆ ಬಾಗಿಲು' ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅದೇ ಬಾಗಿಲ ಮುಂದೆ ನಿಲ್ಲಿಸಿ 'ಇದೇನು?' ಎಂದರೆ ಬಾಯಿ ತೆರೆದು ನನ್ನ ಮುಖ ನೋಡುತ್ತಿದ್ದರು. ಶಬ್ದವನ್ನು ಪುಸ್ತಕದಲ್ಲಲ್ಲ, ವಸ್ತುವಿನ ಮೇಲೆಯೇ ತೋರಿಸಬೇಕು ಎಂದು ಧಾರವಾಡದ ತರಬೇತಿಯಲ್ಲಿ ಹೇಳಿದ್ದರು. ಆದರೆ ನಮ್ಮ ಶಾಲೆಯಲ್ಲಿದ್ದ ವಸ್ತುಗಳೆಂದರೆ ಒಂದು ಕರಿಹಲಗೆ, ಕಾಲು ಮುರಿದ ಒಂದು ಕುರ್ಚಿ. ಹಾಗಾಗಿ ಇಡೀ ಊರನ್ನೇ ಪಾಠದ ಹಲಗೆ ಮಾಡಲು ನಿಶ್ಚಯಿಸಿದೆ. ಕೆಮ್ಮಣ್ಣು ಕಲಸಿಕೊಂಡು ಹೊರಟೆ.

"ರೀ, ಮಂದಿ ಮನಿ ಗ್ವಾಡಿ ಅವು. ಒಂದ್ ಮಾತ ಕೇಳಿ ಬರೀರಿ" ಎಂದಳು ಹೆಂಡತಿ ಶಾಂತಾ.

"ವಿದ್ಯಾಕ್ಕ ಯಾರ ಅಪ್ಪಣಿ ಬೇಕಲೇ?" ಎಂದೆ.

ಜನ ಹೊಲಕ್ಕೆ ಹೋದ ಹೊತ್ತಿನಲ್ಲಿ ಮನೆಮನೆಯ ಬಾಗಿಲ ಮೇಲೆ 'ಡೋರ್', ಗೋಡೆಯ ಮೇಲೆ 'ವಾಲ್', ಕಿಟಕಿಯ ಪಕ್ಕದಲ್ಲಿ 'ವಿಂಡೋ' ಎಂದು ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನನ್ನ ಕೈಬರಹಕ್ಕೆ ನಾನೇ ಮೆಚ್ಚಿ ಮನೆಗೆ ಬಂದೆ.

ಮರುದಿನ ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ! ಊರೊಳಗೆ ಹೋಗಿ ನೋಡಿದರೆ ಗಂಡಸರೂ ಇಲ್ಲ. ಬಾಜೂ ಮನೆಯ ಗಂಗವ್ವ ಮಾತ್ರ ನನ್ನ 'ವಾಲ್' ಮೇಲೆ ಸಗಣಿ ಬಳಿಯುತ್ತಿದ್ದಳು.

"ಗಂಗವ್ವಾ, ಏನ್ ಮಾಡಾಕತ್ತೀರಿ? ಅದು ಪಾಠ!"

"ಪಾಠ ಅಂತ ಪಾಠ! ನಿಮ್ಮ ಪಾಠಕ್ಕ ಹೆದರಿ ನನ್ನ ಮಗ ನಸುಕಿನ್ಯಾಗ ಎದ್ದು ನವಲಗುಂದಕ್ಕ ಓಡಿ ಹೋಗ್ಯಾನ. ಆಪರೇಶನ್‌ಕ ನನ್ನ ಮಗನ ಬೇಕಾಗಿದ್ನೇನ್ರಿ ನಿಮಗ?"

ಆಗ ನನ್ನ ತಲೆಗೆ ಹೊಳೆಯಿತು. ಊರೂರಿಗೆ ಜೀಪು ಬಂದು, ಮಕ್ಕಳು ಸಾಕು ಎಂದು ಗಂಡಸರನ್ನು ಹತ್ತಿಸಿಕೊಂಡು ಹೋಗಿ ಆಪರೇಶನ್ ಮಾಡಿಸುತ್ತಿದ್ದ ಕಾಲ ಅದು. ಗೋಡೆಯ ಮೇಲೆ ಕೆಂಪು ಬಣ್ಣ ಕಂಡರೆ ಜನಕ್ಕೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವೇ ನೆನಪಾಗುತ್ತಿತ್ತು. ಜನರನ್ನು ಒಪ್ಪಿಸಿ ಕರೆತರುವ ಕೆಲಸವನ್ನು ಮಾಸ್ತರರ ಕೊರಳಿಗೇ ಕಟ್ಟಿದ್ದರು. ಆದರೆ ನಾನು? ಮೇಲಿನವರು ಕೇಳಿದಾಗಲೆಲ್ಲ ಜ್ವರ ಎಂದು ಕಂಬಳಿ ಹೊದ್ದು ಮಲಗಿದವನು! ನನ್ನ ಮೇಲೆ ಈ ಅಪವಾದವೇ?

ಸಿಟ್ಟಿನಿಂದ ನೇರ ಊರಗೌಡರ ಮನೆಗೆ ಹೋದೆ.

"ಗೌಡ್ರ, ಅದು ಡೋರ್‌ರಿ! ಡೋರ್ ಅಂದ್ರ ಬಾಗಲಾ!"

"ಅದು ಬಾಗಲಾ ಅಂತ ನಮಗ ಗೊತ್ತಿಲ್ಲೇನ್ರಿ ಮಾಸ್ತರ? ಬಾಗಲಾದ ಮ್ಯಾಲೆ ಬಾಗಲಾ ಅಂತ ಶಾಣ್ಯಾ ಮನಶ್ಯಾ ಯಾವನರೆ ಬರೀತಾನೇನು? ಒಳಗ ಏನರೆ ಹಕೀಕತ್ತು ಇರಬೇಕು."

ಅತ್ತ ಸೋಮವಾರ ಹತ್ತಿರ ಬರುತ್ತಿತ್ತು, ಇತ್ತ ಶಾಲೆ ಖಾಲಿ. ಗೌಡರು ಕೊನೆಗೆ, "ನಿಮ್ಮ ಮನಸಿನ್ಯಾಗ ಏನೂ ಇಲ್ಲಂದ್ರ ಬಸವಣ್ಣನ ಗುಡಿ ಮುಂದ ಆಣಿ ಮಾಡ್ರಿ" ಎಂದರು. ಮಾಡಿದೆ. ಮಾಡುವುದು ಮಾಡಿ, ಆವೇಶದಲ್ಲಿ ಒಂದು ಮಾತು ಹೆಚ್ಚಿಗೇ ಆಡಿದೆ: "ಆ ಜೀಪು ಬಂದ್ರ ಎಲ್ಲಾರಿಗಿಂತ ಮೊದಲ ನಾನ ಹತ್ತತೀನಿ!"

ಸುದ್ದಿ ಕೇಳಿ ಶಾಂತಾ ಹಣೆ ಬಡಿದುಕೊಂಡಳು. "ಆಣಿ ಮಾಡೂಮುಂದ ನನ್ನ ಒಂದ್ ಮಾತ ಕೇಳಬಾರದೇನ್ರಿ? ನಮಗಿನ್ನೂ ಒಂದೂ ಕೂಸಿಲ್ಲ!"

ಓಡಿಹೋದವರು ತಿರುಗಿ ಬಂದರು. ಸಗಣಿ ಬಳಿದಲ್ಲಿ ಗೌಡರೇ ನಿಂತು ಮತ್ತೆ ಬರೆಸಿದರು. ನನ್ನ ವಿಧಾನ ಎಷ್ಟು ಫಲ ಕೊಟ್ಟಿತೆಂದರೆ, ಮಕ್ಕಳ ಬಾಯಲ್ಲಿ ಕೇಳಿ ಕೇಳಿ ಗಂಗವ್ವನೂ ಮೊಮ್ಮಗನಿಗೆ, "ಲೇ, ಡೋರ್ ಮುಂದ ಮಾಡು, ನಾಯಿ ಬರ್ತಾವ" ಎನ್ನತೊಡಗಿದಳು.

ಸೋಮವಾರ ವರ್ಗ ತುಂಬಿತ್ತು. ಸಾಹೇಬರು ಯಾವಾಗಲೂ ಮಧ್ಯಾಹ್ನದ ಬಸ್ಸಿಗೇ ಬರುವವರು. ಬೆಳಿಗ್ಗೆ ನಾನು ನಿಶ್ಚಿಂತೆಯಿಂದ ಪಾಠ ಮಾಡುತ್ತಿದ್ದಾಗ ದೂರದಲ್ಲಿ ಧೂಳೆದ್ದಿತು. ಹಿಂದೆಯೇ ಗೌಡರ ಧ್ವನಿ.

"ಮಾಸ್ತರ! ಜೀಪ್ ಬಂತು! ನಡೀರಿ, ಹತ್ತಸಾಕ ಬಂದೀವಿ!"

ಮಾತಿಗೆ ತಪ್ಪದವರೆಂದರೆ ಇವರೇ! ನಾನು ಹಿಂದೆಮುಂದೆ ನೋಡಲಿಲ್ಲ. ಸೀಮೆಸುಣ್ಣ ಎಸೆದೆ, ಧೋತರದ ಚುಂಗು ಎತ್ತಿಕಟ್ಟಿದೆ, ಕಿಟಕಿಯಿಂದ ಹಾರಿದೆ. ಶಾಲೆಯ ಹಿಂದೆ ಆಳೆತ್ತರದ ಜೋಳ. ಜೀಪು ತಿರುಗಿ ಹೋದ ಸಪ್ಪಳ ಕೇಳುವವರೆಗೂ ಅದರೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ.

ಮೈತುಂಬ ಜೋಳದ ಒಣ ಎಲೆಯ ರವದಿ ಅಂಟಿಸಿಕೊಂಡು ಬಂದರೆ ಮಕ್ಕಳ ಮುಖದಲ್ಲಿ ಹಬ್ಬ.

"ಸರ, ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಿದ್ರು! ಬಸ್ ಕೆಟ್ಟಿತ್ತಂತ, ಯಾರದೋ ಜೀಪಿನ್ಯಾಗ ಬಂದ್ರು!"

ನಾನು ಒಂದೇ ಉಸಿರಿಗೆ ಕೇಳಿದೆ: "ಏನ್ ಕೇಳಿದ್ರು?"

"ಡೋರ್, ವಾಲ್, ವಿಂಡೋ ಎಲ್ಲಾ ಕೇಳಿದ್ರು. ಎಲ್ಲಾ ಹೇಳಿದ್ವಿ. ಶಾಬಾಶ್ ಅಂದ್ರು!" ಮುಂದಿನ ಸಾಲಿನ ಗಿರಿಜಾ ಹೆಮ್ಮೆಯಿಂದ ಎದ್ದು ನಿಂತಳು. "ಆಮ್ಯಾಲೆ, ವೇರ್ ಈಸ್ ಯುವರ್ ಟೀಚರ್ ಅಂದ್ರು. ಎಲ್ಲಾರೂ ಕೂಡಿ ಹೇಳಿದ್ವಿ ಸರ: ಟೀಚರ್ ಈಸ್ ಇನ್ ದ ಜೋಳ!"

ನಾನು ಮುರಿದ ಕುರ್ಚಿಯ ಮೇಲೆ ಕುಸಿದೆ.

"ಜೋಳಕ್ಕ ಇಂಗ್ಲಿಷ್‌ನ್ಯಾಗ ಏನಂತಾರ ಅಂತ ನೀವು ಹೇಳಿಕೊಟ್ಟಿಲ್ಲಲ್ರಿ" ಎಂದು ಅವಳು ದೂರಿದಳು. "ನಿಮ್ಮ ಸರ ಅದೊಂದು ಶಬ್ದಾ ಕಲಿಸಲಿ, ಆಮ್ಯಾಲೆ ಕಾಯಂ ಮಾಡೂಣು ಅಂತ ಹೇಳಿ ಹೋದ್ರು ಸಾಹೇಬ್ರು."

ಮಕ್ಕಳೆಲ್ಲ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು. ಹೇಳಿಕೊಡೋಣವೆಂದರೆ ಅದು ನನಗೂ ಗೊತ್ತಿರಲಿಲ್ಲ!